ನಮ್ಮ ಪಾಶ್ ಟ್ರೈನಿಂಗಿನ ಹಿಂದೆ ಇರುವ ಭಟೇರಿಯ ಕಥೆ

ವಿಡಿಯೊ ನೋಡೋಕೆ ಪುರುಸೊತ್ತು ಸಿಗದವರಿಗೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ.

ಪುಣೆ, ಹೈದರಾಬಾದ್, ಚೆನ್ನೈ, ನೀವು ಎಲ್ಲೇ ಕೆಲಸದಲ್ಲಿರಿ, ವರ್ಷಕ್ಕೊಮ್ಮೆ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬಂದೇ ಬರುತ್ತೆ. ಪಾಶ್ ಟ್ರೈನಿಂಗ್ ಕಡ್ಡಾಯ, ಇಂಥಾ ತಾರೀಕಿನೊಳಗೆ ಮುಗಿಸಿ. ನಾವೇನು ಮಾಡ್ತೀವಿ? ಒಂದು ಸ್ಕ್ರೀನಲ್ಲಿ ಆ ವಿಡಿಯೊ ಮ್ಯೂಟಲ್ಲಿ ಓಡ್ತಿರುತ್ತೆ, ಇನ್ನೊಂದರಲ್ಲಿ ಕೋಡ್ ರಿವ್ಯೂ ನಡೀತಿರುತ್ತೆ. ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟ್, ಮುಗೀತು.

"ಈಗಲೂ ಇದೆಲ್ಲ ಬೇಕಾ? ಹೆಣ್ಣುಮಕ್ಕಳು ಓದಿದಾರೆ, ದುಡೀತಿದಾರೆ, ಮ್ಯಾನೇಜರ್ ಆಗಿದಾರೆ" ಅಂತ ಕೇಳೋರು ಎಲ್ಲಾ ಟೀಮಲ್ಲೂ ಒಬ್ಬರು ಸಿಗ್ತಾರೆ. ಪ್ರಶ್ನೆ ಕೇಳಲಿ, ತಪ್ಪಿಲ್ಲ. ಉತ್ತರ ಬೇಕು ಅಂದ್ರೆ ಈ ಟ್ರೈನಿಂಗ್ ಎಲ್ಲಿಂದ ಬಂತು ಅಂತ ನೋಡಬೇಕು. ಅದು ಹುಟ್ಟಿದ್ದು ಯಾವ ಟೆಕ್ ಪಾರ್ಕಲ್ಲೂ ಅಲ್ಲ. ಜೈಪುರದಿಂದ ಸುಮಾರು 50 ಕಿಲೋಮೀಟರ್ ದೂರದ ಭಟೇರಿ ಅನ್ನೋ ಹಳ್ಳಿಯಲ್ಲಿ, ಒಬ್ಬ ಕುಂಬಾರ ಹೆಣ್ಣುಮಗಳಿಂದ.

ಅವರ ಹೆಸರು ಭಂವರಿ ದೇವಿ. ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್', ಅಂದ್ರೆ ಗೆಳತಿ. ಊರಿನ ಹೆಂಗಸರ ಜೊತೆ ಕೂತು ಆರೋಗ್ಯ, ಕೂಲಿ, ನೀರು, ಹೆಣ್ಣುಮಕ್ಕಳ ಓದು, ಬಾಲ್ಯವಿವಾಹ ಇವುಗಳ ಬಗ್ಗೆ ಮಾತಾಡೋದು ಅವರ ಕೆಲಸ. ಇದಕ್ಕೆ ಸಂಬಳ ಅಂತ ಇರಲಿಲ್ಲ, ಒಂದಿಷ್ಟು ಗೌರವಧನ ಕೊಡ್ತಿದ್ರು.

ಅಕ್ಷಯ ತೃತೀಯ ಅಂದ್ರೆ ನಮಗೆ ಚಿನ್ನದಂಗಡಿ ಜಾಹೀರಾತು ನೆನಪಾಗುತ್ತೆ. ರಾಜಸ್ಥಾನದಲ್ಲಿ ಅದೇ ದಿನ, ಆಖಾ ತೀಜ್, ಎಷ್ಟೋ ಮಕ್ಕಳ ಮದುವೆ ನಡೆಯೋ ದಿನ. 1992ರಲ್ಲಿ ಇದನ್ನು ತಡೆಯಿರಿ ಅಂತ ಸರ್ಕಾರವೇ ಸಾಥಿನ್‌ಗಳಿಗೆ ಹೇಳಿತ್ತು. ಭಟೇರಿಯ ಒಂದು ಗುಜ್ಜರ್ ಮನೆಯಲ್ಲಿ ಒಂದು ವರ್ಷವೂ ತುಂಬದ ಹೆಣ್ಣುಕೂಸಿಗೆ ಮದುವೆ ಗೊತ್ತಾಗಿತ್ತು. ಭಂವರಿ ಹೋಗಿ ಬೇಡ ಅಂದ್ರು. ಪೊಲೀಸರು ಬಂದು ಹೋದರು. ಆಮೇಲೆ ಮದುವೆ ಹೇಗೂ ನಡೆದುಹೋಯ್ತು. ಸಿಟ್ಟು ಮಾತ್ರ ಭಂವರಿ ಮೇಲೆ ಉಳೀತು. ಊರು ಬಹಿಷ್ಕಾರ ಹಾಕಿತು. ಅವರು ಮಾಡಿದ ಮಡಕೆ ಕೊಳ್ಳೋರಿಲ್ಲ, ಅವರಿಗೆ ಹಾಲು ಕೊಡೋರಿಲ್ಲ.

1992ರ ಸೆಪ್ಟೆಂಬರ್ 22. ಸಂಜೆ ಗಂಡನ ಜೊತೆ ಹೊಲದಲ್ಲಿ ಕೆಲಸ ಮಾಡ್ತಿದ್ದಾಗ ಐದು ಜನ ಬಂದ್ರು. ಗಂಡನನ್ನು ಹೊಡೆದು, ಭಂವರಿ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದ್ರು ಅನ್ನೋದು ಅವರ ದೂರು. ಆಮೇಲಿನದ್ದು ಇನ್ನೂ ಕಷ್ಟ. ವೈದ್ಯಕೀಯ ಪರೀಕ್ಷೆ ಆಗೋ ಹೊತ್ತಿಗೆ ಎರಡು ದಿನದ ಮೇಲಾಗಿತ್ತು. ಸಾಕ್ಷ್ಯಕ್ಕೆ ಬೇಕು ಅಂತ ಪೊಲೀಸ್ ಠಾಣೆಯಲ್ಲಿ ಲಂಗ ಬಿಚ್ಚಿಸಿಕೊಂಡರು. ಗಂಡನ ಪೇಟದ ಬಟ್ಟೆ ಸುತ್ತಿಕೊಂಡು ಅವರು ರಾತ್ರಿಯಲ್ಲಿ ಹೊರಟರು. 1995ರ ನವೆಂಬರಿನಲ್ಲಿ ಕೆಳ ನ್ಯಾಯಾಲಯ ಐವರನ್ನೂ ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಮೇಲ್ಜಾತಿಯವರು ಕೆಳಜಾತಿಯ ಹೆಂಗಸನ್ನು ಹೀಗೆ ಮುಟ್ಟಲಾರರು ಅನ್ನೋ ಧಾಟಿಯ ತರ್ಕವೂ ಆ ತೀರ್ಪಿನಲ್ಲಿತ್ತು. ಮೇಲ್ಮನವಿ ಹೈಕೋರ್ಟಿನಲ್ಲಿ ದಶಕಗಳ ಕಾಲ ಕೂತಿತು. ಅಷ್ಟರಲ್ಲಿ ಆರೋಪಿಗಳಲ್ಲಿ ಕೆಲವರು ತೀರಿಯೇ ಹೋದರು.

ಒಬ್ಬರೇ ಇದ್ದಿದ್ರೆ ಕಥೆ ಇಲ್ಲಿಗೆ ಮುಗೀತಿತ್ತು. ಆದರೆ ಬೇರೆ ಹೆಂಗಸರು ಜೊತೆಗೆ ನಿಂತರು. ಜೈಪುರದಲ್ಲಿ ಮೆರವಣಿಗೆಗಳಾದವು. ಜೈಪುರದ 'ವಿಶಾಖಾ', ದೆಹಲಿಯ 'ಜಾಗೋರಿ', ಪುಸ್ತಕ ಪ್ರಕಟಿಸೋ 'ಕಾಲಿ ಫಾರ್ ವಿಮೆನ್', ಇಂಥ ಸಂಘಟನೆಗಳು ಸೇರಿ ಸುಪ್ರೀಂ ಕೋರ್ಟಿಗೆ ಹೋದವು. ಅವರು ಎತ್ತಿದ ಪ್ರಶ್ನೆ ಬಹಳ ಜಾಣತನದ್ದು. ಅಪರಾಧಿಗಳಿಗೆ ಶಿಕ್ಷೆ ಒಂದು ವಿಷಯ, ಅದರ ಕೇಸು ಬೇರೆ ನಡೀತಿದೆ. ಆದರೆ ಈ ಹೆಂಗಸಿನ ಮೇಲೆ ದಾಳಿಯಾಗಿದ್ದು ಅವರು ತಮ್ಮ ಕೆಲಸ ಮಾಡಿದ್ದಕ್ಕೆ. ಹಾಗಿದ್ರೆ ಕೆಲಸ ಕೊಟ್ಟವರ ಜವಾಬ್ದಾರಿ ಏನು? ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಒಂದು ಬಗ್ ಸರಿಮಾಡಿ ಅಂತ ಕೇಳಿ ಸುಮ್ಮನಾಗಲಿಲ್ಲ, ಸಿಸ್ಟಮ್ ಡಿಸೈನನ್ನೇ ಪ್ರಶ್ನೆ ಮಾಡಿದ್ರು.

1997ರ ಆಗಸ್ಟ್ 13ರಂದು ನ್ಯಾಯಮೂರ್ತಿಗಳಾದ ಜೆ.ಎಸ್. ವರ್ಮಾ, ಸುಜಾತಾ ಮನೋಹರ್, ಬಿ.ಎನ್. ಕಿರ್ಪಾಲ್ ಅವರ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ 14, 15, 19 ಮತ್ತು 21ನೇ ವಿಧಿಗಳು, ಜೊತೆಗೆ ಭಾರತ 1993ರಲ್ಲಿ ಅನುಮೋದಿಸಿದ್ದ ವಿಶ್ವಸಂಸ್ಥೆಯ ಮಹಿಳಾ ಒಪ್ಪಂದ, ಇವನ್ನು ಆಧಾರವಾಗಿಟ್ಟುಕೊಂಡು, ಸಂಸತ್ತು ಕಾನೂನು ಮಾಡೋವರೆಗೂ ಇವೇ ಕಾನೂನು ಅಂತ ಮಾರ್ಗಸೂಚಿಗಳನ್ನು ಹೊರಡಿಸಿತು. ಅವೇ ವಿಶಾಖಾ ಮಾರ್ಗಸೂಚಿಗಳು.

ಮಾರ್ಗಸೂಚಿ ಬಂತು, ಆದರೆ ಪಾಲಿಸೋರು ಕಮ್ಮಿ. ಇಲ್ಲಿ ನಮ್ಮ ಪುಣೆಯ ಪಾಲೂ ಇದೆ. ಇಲ್ಲಿನ 'ಆಲೋಚನಾ' ಸಂಸ್ಥೆಯ ಮೇಧಾ ಕೊತ್ವಾಲ್ ಲೇಲೆ ಅವರು ದೂರುಗಳಿಗೆ ಬೆಲೆಯೇ ಸಿಗ್ತಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಬರೆದ ಪತ್ರವೇ ರಿಟ್ ಅರ್ಜಿಯಾಯ್ತು. ಅಕ್ಟೋಬರ್ 2012ರಲ್ಲಿ ಕೋರ್ಟು ಸರ್ಕಾರಗಳಿಗೆ ಮತ್ತೆ ಬಿಸಿ ಮುಟ್ಟಿಸಿತು. ಮರುವರ್ಷ ಸಂಸತ್ತು ಕಾಯ್ದೆ ಮಾಡಿತು, 2013ರ ಡಿಸೆಂಬರ್ 9ರಂದು ಜಾರಿಗೆ ಬಂತು. ಮಾರ್ಗಸೂಚಿಯಿಂದ ಕಾಯ್ದೆಗೆ 16 ವರ್ಷ. ಈ ಹದಿನಾರು ವರ್ಷ ಬೆನ್ನುಬಿದ್ದು ಕೇಳ್ತಾ ಬಂದವರಿಂದಲೇ ನಮಗೆ ಈ ಕಾಯ್ದೆ ಸಿಕ್ಕಿದ್ದು.

ಇನ್ನು ಇವತ್ತಿನ ಮಾತಿಗೆ ಬರ್ತೀನಿ. ನಾನು ಕೆಲಸ ಮಾಡೋ ಕಡೆ ಇಂಟರ್ನಲ್ ಕಮಿಟಿಯ ಸದಸ್ಯೆ. ಒಂದಿನ ಪ್ಯಾಂಟ್ರಿಯಲ್ಲಿ ಹೌಸ್‌ಕೀಪಿಂಗ್‌ನ ಒಬ್ಬ ಹೆಣ್ಣುಮಗಳ ಜೊತೆ ಮಾತಾಡ್ತಿದ್ದೆ. ಕಲಬುರಗಿ ಕಡೆಯವರು, ನನ್ನ ಹತ್ರ ಕನ್ನಡದಲ್ಲೇ ಮಾತಾಡ್ತಾರೆ. ಗೋಡೆ ಮೇಲಿದ್ದ ಕಮಿಟಿಯ ಪೋಸ್ಟರ್ ತೋರಿಸಿ, ಇದೇನು ಗೊತ್ತಾ ಅಂದೆ. "ಅದು ನಿಮ್ಮಂಥಾ ನೀಲಿ ಕಾರ್ಡಿನವ್ರಿಗ್ರೀ ಮೇಡಮ್. ನಮ್ದು ಕಾಂಟ್ರ್ಯಾಕ್ಟ್ ಅದ" ಅಂದ್ರು. ಪೋಸ್ಟರ್ ಇದ್ದಿದ್ದು ಇಂಗ್ಲಿಷಲ್ಲಿ. ಅದನ್ನು ದಿನಾ ಒರೆಸೋದು ಅವರೇ.

ಕಾಯ್ದೆ ಹಾಗೆ ಹೇಳೋದಿಲ್ಲ. ಕಾಂಟ್ರ್ಯಾಕ್ಟ್, ದಿನಗೂಲಿ, ಟ್ರೈನಿ, ಎಲ್ಲರೂ ಅದರಲ್ಲಿ ಬರ್ತಾರೆ. ಸಂಬಳ ಇಲ್ಲದೆ ಕೆಲಸ ಮಾಡೋರೂ ಬರ್ತಾರೆ. ಸಾಥಿನ್‌ಗೆ ಸಿಗ್ತಿದ್ದುದು ಬರೀ ಗೌರವಧನ ಅನ್ನೋದನ್ನ ನೆನಪಿಸಿಕೊಂಡ್ರೆ ಈ ಸಾಲಿನ ಬೆಲೆ ಗೊತ್ತಾಗುತ್ತೆ. ಕಂಪನಿಯ ಕ್ಯಾಬ್ ಕೂಡ ಕೆಲಸದ ಜಾಗವೇ. ಹತ್ತಕ್ಕಿಂತ ಕಮ್ಮಿ ಜನ ಇರೋ ಕಡೆ, ನಮ್ಮ ನಿಮ್ಮ ಫ್ಲ್ಯಾಟಿಗೆ ಬರೋ ಮನೆಕೆಲಸದವರಿಗೆ, ಜಿಲ್ಲಾ ಮಟ್ಟದ ಲೋಕಲ್ ಕಮಿಟಿ ಇದೆ. ದೂರು ಕೊಡೋಕೆ ಘಟನೆ ನಡೆದಾಗಿನಿಂದ ಮೂರು ತಿಂಗಳು, ಸಕಾರಣ ಇದ್ರೆ ಇನ್ನೂ ಮೂರು ತಿಂಗಳವರೆಗೆ ಅವಕಾಶ. ಬರೆದು ಕೊಡೋಕೆ ಆಗದಿದ್ರೆ ಬರೆಯೋಕೆ ನೆರವು ಕೊಡೋದು ಕಮಿಟಿಯ ಕರ್ತವ್ಯ. ಒಬ್ಬರಿಗೊಬ್ಬರು ಆಗಬೇಕು ಅನ್ನೋದು ಕಾಯ್ದೆಯ ಒಳಗೇ ಇದೆ.

ನೋಡಿ, ಭಂವರಿ ದೇವಿಗೆ ಸಿಗದ ರಕ್ಷಣೆಯಿಂದ ನಾವು ಇವತ್ತು ಎಸಿ ಆಫೀಸಲ್ಲಿ ಧೈರ್ಯವಾಗಿ ಕೂತಿದೀವಿ. ವಿಶಾಖಾ ತೀರ್ಪಿನಲ್ಲಿ ಅವರ ಹೆಸರು ಕೂಡ ಇಲ್ಲ, ರಾಜಸ್ಥಾನದ ಹಳ್ಳಿಯ ಒಬ್ಬ ಸಮಾಜ ಸೇವಕಿ ಅಂತಷ್ಟೇ ಇದೆ. ಆದರೆ ಅವರು ಹೆಸರು ಮುಚ್ಚಿಕೊಳ್ಳಲಿಲ್ಲ. ತಪ್ಪು ಮಾಡಿದವರು ನಾಚಬೇಕು, ನಾನ್ಯಾಕೆ ನಾಚಲಿ ಅನ್ನೋ ಹಾಗೆ ಎದುರು ನಿಂತು ಮಾತಾಡಿದರು, ಅದೇ ಊರಲ್ಲಿ ಬದುಕಿದರು. 1994ರಲ್ಲಿ ನೀರಜಾ ಭಾನೋಟ್ ಪ್ರಶಸ್ತಿ ಬಂದಾಗ ಆ ಒಂದು ಲಕ್ಷ ರೂಪಾಯಿಯನ್ನೂ ಹೆಂಗಸರ ನೆರವಿಗೇ ಕೊಟ್ಟರು.

ಹಾಗಾಗಿ "ಈಗಲೂ ಬೇಕಾ" ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಬೇಕು. ಕಾನೂನನ್ನು ತಂದದ್ದು ಜೊತೆಗೆ ನಿಂತವರು, ಬಳಕೆಯಲ್ಲಿ ಉಳಿಸೋದೂ ಜೊತೆಗೆ ನಿಲ್ಲೋರೇ. ಜೊತೆಗಾರರಿಲ್ಲದ ಕಮಿಟಿ ಅಂದ್ರೆ ಇಂಟ್ರಾನೆಟ್‌ನಲ್ಲಿ ಬಿದ್ದಿರೋ ಒಂದು ಪಿಡಿಎಫ್ ಅಷ್ಟೇ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಆಫೀಸಿನ ಕಮಿಟಿಯಲ್ಲಿ ಯಾರ್ಯಾರಿದಾರೆ ನೋಡಿಕೊಳ್ಳಿ. ಆಮೇಲೆ ನಿಮ್ಮ ಟೇಬಲ್ ಒರೆಸೋ ಅಕ್ಕನಿಗೆ, ನಿಮ್ಮ ಮನೆಗೆ ಬರೋ ಅಕ್ಕನಿಗೆ, ಅವರಿಗೆ ಬರೋ ಭಾಷೆಯಲ್ಲಿ ಇಷ್ಟನ್ನು ಹೇಳಿ. ಗಂಡಸರೂ ಹೇಳಬಹುದು, ಯಾರೂ ಬೇಡ ಅನ್ನಲ್ಲ. ನಮ್ಮಲ್ಲಿ ಪೋಸ್ಟರ್ ಈಗ ಮರಾಠಿ, ಹಿಂದಿ, ಕನ್ನಡದಲ್ಲೂ ಇದೆ. ಮೂರು ಪ್ರಿಂಟೌಟ್, ಒಂದು ಮಧ್ಯಾಹ್ನದ ಕೆಲಸ.

ಮುಂದಿನ ವಾರ ಸಿಗೋಣ. ನಮಸ್ಕಾರ.