ಎರಡು ಮೂತ್ರಪಿಂಡ, ಎರಡು ರೇಖೆ

ಮೂಡಿಗೆರೆ, ಕಳಸದ ಕಡೆಯ ರೋಗಿಗಳು ಘಟ್ಟ ಇಳಿದು ಕರಾವಳಿಯ ದೊಡ್ಡ ಆಸ್ಪತ್ರೆಗಳಿಗೆ ಹೋಗುವುದುಂಟು. ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡವರಿಗೆ ಅಲ್ಲಿ ಕೆಲವೊಮ್ಮೆ ‘ರೀನೋಗ್ರಾಮ್’ ಮಾಡಿಸಲು ಹೇಳುತ್ತಾರೆ. ರಕ್ತದ ಕ್ರಿಯಾಟಿನಿನ್ ಸರಿಯಿದ್ದರೂ ಈ ಪರೀಕ್ಷೆ ಏಕೆ? ಕ್ರಿಯಾಟಿನಿನ್ ತಿಳಿಸುವುದು ಎರಡೂ ಮೂತ್ರಪಿಂಡಗಳ ಒಟ್ಟು ಕೆಲಸವನ್ನು. ಒಂದು ಸೊರಗಿದರೆ ಇನ್ನೊಂದು ಅದರ ಭಾರ ಹೊರುತ್ತದೆ. ಕೊರತೆ ಹೊರಗೆ ಕಾಣುವುದಿಲ್ಲ.

ಇದನ್ನು ಬಿಡಿಸಿ ನೋಡುವ ಉಪಾಯದ ಮೂಲ ಸಸ್ಯಗಳಲ್ಲಿದೆ. 1923ರಲ್ಲಿ ಹಂಗೆರಿಯ ಹೆವೆಸಿ ವಿಕಿರಣಶೀಲ ಸೀಸವನ್ನು ಬೀನ್ಸ್ ಜಾತಿಯ ಗಿಡದ ಬೇರಿಗೆ ಉಣಿಸಿ, ಅದು ಸಾಗಿದ ಜಾಡು ಹಿಡಿದರು. ಈ ವಿಧಾನಕ್ಕೆ 1943ರ ನೊಬೆಲ್ ಪ್ರಶಸ್ತಿ ಸಂದಿತು. 1956ರಲ್ಲಿ ಅಮೆರಿಕದ ಟಾಪ್ಲಿನ್, ವಿಂಟರ್ ಮತ್ತು ಸಂಗಡಿಗರು ಅಯೋಡಿನ್-131 ಸೇರಿಸಿದ ವಸ್ತುವನ್ನು ರಕ್ತಕ್ಕೆ ಚುಚ್ಚಿ, ಬೆನ್ನಿನ ಎರಡೂ ಬದಿಯಲ್ಲಿ ವಿಕಿರಣವನ್ನು ಅಳೆದರು. ಏರಿ ಇಳಿಯುವ ಎರಡು ರೇಖೆಗಳು ಮೂಡಿದವು. ತಡೆಯಿದ್ದ ಕಡೆ ರೇಖೆ ಇಳಿಯದು.

ಆದರೆ ಅಯೋಡಿನ್-131ರ ಅರ್ಧಾಯು 8 ದಿನ; ಅದು ಬೀಟಾ ಕಣಗಳನ್ನೂ ಸೂಸುತ್ತದೆ. ಟೆಕ್ನೀಶಿಯಮ್-99ಎಮ್‌ನ ಅರ್ಧಾಯು ಕೇವಲ 6 ಗಂಟೆ. ರೋಗಿಗೆ ಇದು ಒಳ್ಳೆಯದು, ಸಾಗಣೆಗೆ ಕಷ್ಟ: 24 ಗಂಟೆಯಲ್ಲಿ ಉಳಿಯುವುದು ಹದಿನಾರನೇ ಒಂದು ಪಾಲು. 1950ರ ದಶಕದ ಕೊನೆಗೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ ದಾರಿ ತೋರಿಸಿತು. 66 ಗಂಟೆ ಅರ್ಧಾಯುವಿನ ತಾಯಿ ಧಾತು ಮಾಲಿಬ್ಡಿನಮ್-99 ಅನ್ನೇ ಕಳುಹಿಸಿದರೆ, ಆಸ್ಪತ್ರೆಯಲ್ಲಿ ಹಸು ಕರೆದಂತೆ ದಿನವೂ ಟೆಕ್ನೀಶಿಯಮ್ ಪಡೆಯಬಹುದು.

ಹೀಗೆ ಸಿಗುವ ಎರಡು ರೇಖೆಗಳಿಂದ ಪ್ರತಿ ಮೂತ್ರಪಿಂಡದ ಪಾಲು ಶೇಕಡಾ ಎಷ್ಟೆಂದು ತಿಳಿಯುತ್ತದೆ. ಕಲ್ಲು ತೆಗೆದು ಮೂತ್ರಪಿಂಡ ಉಳಿಸುವುದೋ, ಮೂತ್ರಪಿಂಡವನ್ನೇ ತೆಗೆಯುವುದೋ ಎಂದು ನಿರ್ಧರಿಸುವಾಗ ವೈದ್ಯರು ನೋಡುವ ಮುಖ್ಯ ಅಂಕೆಗಳಲ್ಲಿ ಇದೂ ಒಂದು.