ಮಿರಜಿನ ಹಾದಿ, ಜಡ್ಡಿನ ಹಂತ

ಸಮೀರವಾಡಿ, ಮಹಾಲಿಂಗಪುರ, ಜಮಖಂಡಿಯ ಕಬ್ಬಿನ ಸೀಮೆಯಲ್ಲಿ ಕ್ಯಾನ್ಸರಿನಂಥ ದೊಡ್ಡ ಜಡ್ಡು ಬಂದರೆ ಹಿರಿಯರ ಬಾಯಿಗೆ ಬರುವ ಊರುಗಳಲ್ಲಿ ಮಿರಜ ಒಂದು. ಕಾರಣ ಹಳೆಯದು. ಜಮಖಂಡಿ, ಮಿರಜ ಎರಡೂ ಪಟವರ್ಧನರ ಸಂಸ್ಥಾನಗಳಾಗಿದ್ದವು. ಮಿಷನರಿ ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದರು.

ಆ ಕಾಲಕ್ಕೆ ಕ್ಯಾನ್ಸರಿಗೆ ಗೊತ್ತಿದ್ದ ಮುಖ್ಯ ಮದ್ದು ಶಸ್ತ್ರಕ್ರಿಯೆ. ಗಂಟು ಎಷ್ಟು ಕೆಟ್ಟದ್ದು, ಎಲ್ಲಿಯವರೆಗೆ ಹಬ್ಬಿದೆ ಎಂದು ಹೇಳಲು ಎಲ್ಲ ಡಾಕ್ಟರರೂ ಒಪ್ಪಿದ ಅಳತೆ ಇರಲಿಲ್ಲ. 1920ರಲ್ಲಿ ಅಮೆರಿಕದ ಬ್ರಾಡರ್ಸ್ ತುಟಿಯ ಕ್ಯಾನ್ಸರನ್ನು ಸೂಕ್ಷ್ಮದರ್ಶಕದಡಿ ನೋಡಿ, ಜೀವಕೋಶಗಳು ಸಹಜ ರೂಪದಿಂದ ಎಷ್ಟು ದೂರ ಸರಿದಿವೆ ಎಂಬುದರ ಮೇಲೆ ನಾಲ್ಕು ದರ್ಜೆ ಮಾಡಿದರು. ಅದು ಗ್ರೇಡ್. ಹಬ್ಬಿದ ದೂರವನ್ನು ಹೇಳುವುದು ಸ್ಟೇಜ್. 1929ರಲ್ಲಿ ರಾಷ್ಟ್ರಸಂಘದ ತಜ್ಞರು ಗರ್ಭಕಂಠದ ಕ್ಯಾನ್ಸರಿಗೆ ನಾಲ್ಕು ಹಂತ ಗೊತ್ತುಮಾಡಿದರು. ಗಂಟಿನ ಗಾತ್ರ, ದುಗ್ಧಗ್ರಂಥಿ, ದೂರದ ಅಂಗ ಈ ಮೂರನ್ನು ಎಣಿಸುವ ಟಿಎನ್‌ಎಂ ಪದ್ಧತಿಯನ್ನು ಫ್ರಾನ್ಸಿನ ಪಿಯೆರ್ ದೆನುವಾ 1943ರಿಂದ ಕಟ್ಟಿದರು.

ಗರ್ಭಕಂಠದ ಹಂತಕ್ಕೆ ಮುಖ್ಯವಾಗಿ ಬೇಕಾಗಿದ್ದದ್ದು ಮುಟ್ಟಿ ಪರೀಕ್ಷಿಸುವ ಡಾಕ್ಟರರ ಅನುಭವಿ ಕೈ. ಗಂಟು ಗರ್ಭಕಂಠದಲ್ಲೇ ಇದ್ದರೆ ಒಂದು, ಹೊರಬಿದ್ದರೂ ಕಟಿಯ ಗೋಡೆ ಮುಟ್ಟದಿದ್ದರೆ ಎರಡು, ಮುಟ್ಟಿದರೆ ಮೂರು, ಮೂತ್ರಕೋಶ ಅಥವಾ ಗುದನಾಳಕ್ಕೆ ಇಳಿದರೆ ನಾಲ್ಕು. ಸ್ಕ್ಯಾನಿನ ಫಲಿತಾಂಶ ಈ ಲೆಕ್ಕಕ್ಕೆ ಅಧಿಕೃತವಾಗಿ ಸೇರಿದ್ದು 2018ರಲ್ಲಿ.

ಮೊದಲ ಹಂತದಲ್ಲಿ ಆಪರೇಷನ್ ಸಾಕಾಗಬಹುದು. ಮುಂದೆ ಹೋದರೆ ವಿಕಿರಣ ಚಿಕಿತ್ಸೆ, ಜನರ ಮಾತಿನಲ್ಲಿ 'ಕರೆಂಟ್ ಕೊಡುವುದು', ಜೊತೆಗೆ ಕೀಮೋ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಯಿತು. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಎದ್ದಿತು. ಆದರೆ ಕರೆಂಟು ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ದಿನಗೂಲಿಯ ಹೆಣ್ಣುಮಗಳು ಅಷ್ಟು ದಿನ ಪರಊರಲ್ಲಿ ಹೇಗೆ ಉಳಿದಾಳು? ನಡುವೆ ಬಿಟ್ಟರೆ ಜಡ್ಡು ಮರಳುವ ಅಪಾಯ ಹೆಚ್ಚು.

ಗರ್ಭಕಂಠದ ಜಡ್ಡನ್ನು ಮುಂದಿನ ಹಂತಕ್ಕೆ ಹೋಗುವ ಮೊದಲೇ ಹಿಡಿಯಬಹುದೆಂದು ತೋರಿಸಿದ್ದು ಸೋಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಆಸ್ಪತ್ರೆ. ಟಾಟಾ ಸ್ಮಾರಕ ಆಸ್ಪತ್ರೆಯೊಡನೆ ಅದು 1999ರಲ್ಲಿ ಪಕ್ಕದ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1,31,746 ಹೆಂಗಸರ ಅಧ್ಯಯನ ಆರಂಭಿಸಿತು. 2009ರ ವರದಿ: ಈ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿ ವೈರಸ್ಸಿನ ಪರೀಕ್ಷೆಯನ್ನು ಒಂದೇ ಸಲ ಮಾಡಿದ ಗುಂಪಿನಲ್ಲಿ ಎರಡನೆಯ ಹಂತ ಮತ್ತು ಅದರಾಚೆಯ ಕ್ಯಾನ್ಸರು, ಅದರಿಂದಾದ ಸಾವು ಎರಡೂ ಸುಮಾರು ಅರ್ಧಕ್ಕಿಳಿದವು. ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಅಗ್ಗದ ಪರೀಕ್ಷೆಗೆ ಅಂಥ ಸ್ಪಷ್ಟ ಫಲ ಸಿಗಲಿಲ್ಲ. 2016ರ ಸರಕಾರಿ ಮಾರ್ಗಸೂಚಿ 30 ದಾಟಿದ ಹೆಂಗಸರಿಗೆ ಹೇಳಿದ್ದು ಈ ಅಗ್ಗದ ಪರೀಕ್ಷೆಯನ್ನೇ. ನೆರೆರಾಜ್ಯದ ಹಳ್ಳಿಗಳ ಹೆಂಗಸರ ಮೇಲೆಯೇ ಎಚ್‌ಪಿವಿ ಪರೀಕ್ಷೆಯ ಬಲ ಸಾಬೀತಾಗಿರುವಾಗ, ಅದು ಸಮೀರವಾಡಿ ಸೀಮೆಯ ಆರೋಗ್ಯ ಕೇಂದ್ರಗಳಿಗೂ ಬರಲೇಬೇಕು. ಕಬ್ಬು ಕಡಿಯುವವರ ಕಾಲಕ್ಕೆ ಹೊಂದಿ, ಹಂಗಾಮು ಮುಗಿದ ಬೇಸಿಗೆಯಲ್ಲಿ ನಡೆಯಬೇಕು.