ಶಿಲೆಯಲ್ಲಿ ಉಳಿದ ಪಾದರಸದ ಸಾಕ್ಷ್ಯ

ರಾಜವಂಶಗಳ ಇತಿಹಾಸಕ್ಕೆ ಶಾಸನಗಳೂ ತಾಮ್ರಪಟಗಳೂ ಆಧಾರವಾಗಿರುವಂತೆ, ಮನುಷ್ಯನು ಹುಟ್ಟುವುದಕ್ಕೆ ಮುಂಚಿನ ಭೂಮಿಯ ಇತಿಹಾಸಕ್ಕೆ ಶಿಲಾಸ್ತರಗಳೇ ಆಧಾರ. ಆ ಇತಿಹಾಸದ ಅತ್ಯಂತ ಘೋರ ಅಧ್ಯಾಯವೆಂದರೆ ಸುಮಾರು 25 ಕೋಟಿ 19 ಲಕ್ಷ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಅಂತ್ಯದಲ್ಲಿ ಸಂಭವಿಸಿದ ಸಾಮೂಹಿಕ ಅಳಿವು. ಸಮುದ್ರಜೀವಿಗಳ ಪ್ರಭೇದಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಆಗ ನಾಶವಾದವೆಂದು ಅಂದಾಜು. ಸುಮಾರು 27 ಕೋಟಿ ವರ್ಷ ಬಾಳಿದ್ದ ಟ್ರೈಲೊಬೈಟುಗಳ ಕುಲವೂ ಅಂದೇ ಕೊನೆಗೊಂಡಿತು.

ಅದೇ ಕಾಲಕ್ಕೆ ಇಂದಿನ ಸೈಬೀರಿಯಾದಲ್ಲಿ ನೆಲ ಬಿರಿದು, ಲಾವಾರಸವು ಹತ್ತಾರು ಲಕ್ಷ ಚದರ ಕಿಲೋಮೀಟರುಗಳಷ್ಟು ಹರಡಿತ್ತು. ಆದರೆ ಎರಡು ಘಟನೆಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಮತ್ತೊಂದರ ಕಾರಣವೆನ್ನಲಾಗದು. ಮೊದಲು ಕಾಲನಿರ್ಣಯವಾಗಬೇಕಿತ್ತು. ಚೀನಾದ ಝೆಜಿಯಾಂಗ್ ಪ್ರಾಂತದ ಮೈಶಾನ್ ಎಂಬಲ್ಲಿ ಆ ಕಾಲದ ಸುಣ್ಣಕಲ್ಲಿನ ಪದರಗಳ ನಡುವೆ ಜ್ವಾಲಾಮುಖಿಯ ಬೂದಿಯ ಪದರಗಳಿವೆ. ಬೂದಿಯೊಳಗಿನ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ನಿಯತ ವೇಗದಲ್ಲಿ ಸೀಸವಾಗಿ ಮಾರ್ಪಡುತ್ತದೆ. ಈ ಎರಡರ ಪ್ರಮಾಣವನ್ನು ಅಳೆದು, ಅಳಿವಿನ ಅವಧಿ ಸುಮಾರು 60 ಸಾವಿರ ವರ್ಷ ಮಾತ್ರವೆಂದು ಸೇತ್ ಬರ್ಜೆಸ್, ಸ್ಯಾಮ್ಯುಯೆಲ್ ಬೌರಿಂಗ್ ಮತ್ತು ಶೆನ್ ಶುಝಾಂಗ್ 2014ರಲ್ಲಿ ತೋರಿಸಿದರು. ಸೈಬೀರಿಯಾದ ಉದ್ಗಾರವು ಅಳಿವಿಗೆ ಮುನ್ನವೇ ಆರಂಭವಾಗಿ, ಅದರ ನಂತರವೂ ಮುಂದುವರಿಯಿತೆಂಬುದು ಮರುವರ್ಷ ಇಂತಹುದೇ ಪರೀಕ್ಷೆಯಿಂದ ತಿಳಿಯಿತು.

ಕಾಲ ಹೊಂದಿತು, ಇನ್ನು ಸಂಬಂಧಕ್ಕೆ ಸಾಕ್ಷ್ಯ ಬೇಕು. ಅದನ್ನು ಒದಗಿಸಿದ ವಸ್ತುಗಳಲ್ಲಿ ಪಾದರಸವು ಮುಖ್ಯವಾದುದು. ಜ್ವಾಲಾಮುಖಿಯಿಂದ ಹೊರಟ ಪಾದರಸದ ಆವಿಯು ತಿಂಗಳುಗಟ್ಟಲೆ ವಾಯುಮಂಡಲದಲ್ಲಿ ಸಂಚರಿಸಿ, ಬಹುದೂರದ ಕಡಲತಳದ ಕೆಸರನ್ನೂ ಸೇರುತ್ತದೆ. 2012ರಲ್ಲಿ ಹಮೀದ್ ಸನೈ, ಸ್ಟೀಫನ್ ಗ್ರಾಸ್ಬಿ ಮತ್ತು ಬೆನ್ವಾ ಬೋಶಾಂ ಕೆನಡಾದ ಉತ್ತರಧ್ರುವ ಪ್ರದೇಶದ ಶಿಲೆಗಳಲ್ಲಿ, ಅಳಿವಿನ ಗಡಿಯಲ್ಲೇ ಪಾದರಸ ಹೆಚ್ಚಿರುವುದನ್ನು ಕಂಡರು. ಪಾದರಸವು ಸಾವಯವ ಪದಾರ್ಥಕ್ಕೆ ಅಂಟಿಕೊಳ್ಳುವ ಸ್ವಭಾವದ್ದು. ಆದ್ದರಿಂದ ಬರಿಯ ಮೊತ್ತವನ್ನು ನೋಡದೆ, ಸಾವಯವ ಇಂಗಾಲದೊಡನೆ ಅದರ ಅನುಪಾತವನ್ನು ಪರಿಶೀಲಿಸುವುದು ಕ್ರಮ. ಅಲ್ಲದೆ, ವಾಯುಮಾರ್ಗದಿಂದ ಬಂದ ಪಾದರಸವನ್ನೂ ನೆಲದ ಸಸ್ಯ-ಮಣ್ಣುಗಳಿಂದ ಕೊಚ್ಚಿಬಂದುದನ್ನೂ ಅದರ ಐಸೊಟೋಪುಗಳ ಪ್ರಮಾಣದಿಂದ ಬೇರ್ಪಡಿಸಿ ಗುರುತಿಸಬಹುದಾಗಿದೆ.

ಹಾಗಾದರೆ ಸೈಬೀರಿಯಾದ ಬೆಂಕಿ ದೂರದ ಕಡಲಿನ ಜೀವಿಯನ್ನು ಕೊಂದುದು ಹೇಗೆ? ಶಿಲಾಪಾಕವು ಮೇಲೆ ಹರಿದುದಷ್ಟೇ ಅಲ್ಲ; ನೆಲದಡಿಯ ಕಲ್ಲಿದ್ದಲು, ಸುಣ್ಣಕಲ್ಲು, ಉಪ್ಪಿನ ಪದರಗಳ ನಡುವೆ ನುಗ್ಗಿ ಅವನ್ನು ಸುಟ್ಟಿತು. ಕಲ್ಲಿದ್ದಲ ಹಾರುಬೂದಿಯನ್ನು ಹೋಲುವ ಕಣಗಳು ಕೆನಡಾದ ಅದೇ ಸ್ತರಗಳಲ್ಲಿ ದೊರೆತವು. ಲಿಂಡಿ ಎಲ್ಕಿನ್ಸ್-ಟ್ಯಾಂಟನ್ ಮತ್ತು ಸಂಗಡಿಗರು 2020ರಲ್ಲಿ ಸೈಬೀರಿಯಾದ ಶಿಲೆಗಳಲ್ಲೇ ಸುಟ್ಟ ಕಲ್ಲಿದ್ದಲಿನ ಕುರುಹುಗಳನ್ನು ವರದಿ ಮಾಡಿದರು. ಹೊರಬಿದ್ದ ಇಂಗಾಲಾನಿಲಗಳಿಂದ ಕಡಲು ಕಾಯಿತು, ಆಮ್ಲಜನಕ ಕುಗ್ಗಿತು, ನೀರಿನ ಆಮ್ಲೀಯತೆ ಹೆಚ್ಚಿತು. ಉಷ್ಣತೆಯ ಏರಿಕೆಯನ್ನು ಪಳೆಯುಳಿಕೆಗಳ ಆಮ್ಲಜನಕದ ಐಸೊಟೋಪುಗಳೂ, ಆಮ್ಲೀಯತೆಯನ್ನು ಬೋರಾನಿನ ಐಸೊಟೋಪುಗಳೂ ಸೂಚಿಸುತ್ತವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ವಿಜಯಪುರದ ಗೋಲಗುಮ್ಮಟವನ್ನು ಕಟ್ಟಿದ ಕಪ್ಪು ಶಿಲೆಯೂ ಇಂತಹುದೇ ಉದ್ಗಾರದ ಫಲ. ದಖನ್ನಿನ ಆ ಲಾವಾಪ್ರವಾಹದ ಕಾಲವಾದ ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆಯೇ ಡೈನೋಸಾರುಗಳು ಅಳಿದವು. ಆ ಕಾಲದ ಸ್ತರಗಳಲ್ಲೂ ಪಾದರಸ ದೊರೆತಿದೆ. ಆದರೂ ಅಲ್ಲಿ ಮುಖ್ಯ ಕಾರಣ ಮೆಕ್ಸಿಕೋದ ಚಿಕ್ಷುಲೂಬ್‌ನಲ್ಲಿ ಅಪ್ಪಳಿಸಿದ ಕ್ಷುದ್ರಗ್ರಹವೆಂದೇ ಬಹುಮಂದಿ ವಿಜ್ಞಾನಿಗಳ ಮತ. ಕುರುಹು ಒಂದೇ ಆದರೂ ನಿರ್ಣಯ ಒಂದೇ ಆಗಬೇಕಿಲ್ಲ. ಪ್ರತಿಯೊಂದು ಪ್ರಕರಣವನ್ನೂ ಅದರದರ ಸಾಕ್ಷ್ಯದಿಂದಲೇ ತೂಗಬೇಕು.

ಪರ್ಮಿಯನ್ ಅಂತ್ಯದಲ್ಲಿ ಹೊರಬಿದ್ದ ಇಂಗಾಲದ ಒಟ್ಟು ಮೊತ್ತ ಮಾನವನು ಈವರೆಗೆ ಹೊರಸೂಸಿದುದಕ್ಕಿಂತ ಬಹುಪಾಲು ದೊಡ್ಡದು. ಆದರೆ ವರ್ಷವೊಂದರ ಪ್ರಮಾಣವನ್ನು ನೋಡಿದರೆ, ಇಂದಿನದೇ ಅಂದಿನ ಸರಾಸರಿಗಿಂತ ಹೆಚ್ಚೆಂದು ವಿಜ್ಞಾನಿಗಳ ಗಣನೆ ಹೇಳುತ್ತದೆ. ಅಂದು ಕಲ್ಲಿದ್ದಲನ್ನು ಸುಟ್ಟದ್ದು ಅರಿವಿಲ್ಲದ ಶಿಲಾಪಾಕ; ಇಂದು ಸುಡುತ್ತಿರುವವನು ಅದರ ಫಲವನ್ನು ಬಲ್ಲ ಮನುಷ್ಯ. ಅರಿತು ಮಾಡಿದ ಕಾರ್ಯಕ್ಕೆ ಹೊಣೆ ಅಧಿಕವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.